ಹೆಸರಿನ ಜಾಡು ಹಿಡಿದು: ನಾನ್ಸೆನ್



ಈ ತಿಂಗಳು ದೂರದ ನಾರ್ವೆಯ ಒಂದು ಮನೆತನದ ಹೆಸರನ್ನು ಎತ್ತಿಕೊಂಡಿದ್ದೇನೆ. ನಾನ್ಸೆನ್ ಎಂದೊಡನೆ ಬಂಗಾಳದ ಸೇನ್ ಮನೆತನ ನೆನಪಾದೀತು. ಅದಕ್ಕೂ ಇದಕ್ಕೂ ನಂಟಿಲ್ಲ. ನಾರ್ವೆ, ಡೆನ್ಮಾರ್ಕುಗಳ ಹೆಸರುಗಳ ಕೊನೆಯಲ್ಲಿ ಬರುವ ‘ಸೆನ್’ ಎಂದರೆ ಮಗ. ನಾವು ತಂದೆಯ ಹೆಸರಿನ ಮೊದಲಕ್ಷರವನ್ನು ನಮ್ಮ ಹೆಸರಿಗೆ ಜೋಡಿಸಿಕೊಳ್ಳುವಂತೆ, ಅವರು ತಂದೆಯ ಹೆಸರನ್ನೇ ಜೋಡಿಸಿಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಅದು ಮನೆತನದ ಹೆಸರಾಗಿ ನೆಲೆನಿಂತಿತು.

ಹದಿನೇಳನೆಯ ಶತಮಾನದಲ್ಲಿ ಹಾನ್ಸ್ ನಾನ್ಸೆನ್ ಎಂಬವನು ಕೋಪನ್‌ಹೇಗನ್ ನಗರದ ಮೇಯರನಾಗಿದ್ದನು. ಅವನ ವಂಶದಲ್ಲಿ 1861ರಲ್ಲಿ ಜನಿಸಿದವರು ಫ್ರಿಟ್ಯೋಫ್ ನಾನ್ಸೆನ್. ಇವರು 1888ರಲ್ಲಿ ಗ್ರೀನ್‌ಲೆಂಡಿನ ಹಿಮಭೂಮಿಯನ್ನು ದಾಟಿದರು. 1893ರಲ್ಲಿ ‘ಫ್ರಾಮ್’ ಎಂಬ ಹಡಗನ್ನು ಉತ್ತರದ ಸಾಗರದ ಹಿಮದಲ್ಲಿ ಬೇಕೆಂದೇ ಸಿಲುಕಿಸಿ, ಹಿಮದ ಜೊತೆಯಲ್ಲಿ ತೇಲಗೊಟ್ಟರು. ಹಿಮರಾಶಿಯು ನಿಂತಲ್ಲಿ ನಿಲ್ಲದೆ ಚಲಿಸುತ್ತದೆಂಬ ಅವರ ಎಣಿಕೆ ನಿಜವಾಯಿತು.

ಆ ಹೆಸರು ಹಲವು ವಸ್ತುಗಳಿಗೂ ಹಬ್ಬಿತು. ಕಡಲಿನ ಆಳದಿಂದ ನೀರನ್ನು ಹಿಡಿದು ತರುವ ಲೋಹದ ಕೊಳವೆಗೆ ‘ನಾನ್ಸೆನ್ ಸೀಸೆ’ ಎಂದು ಹೆಸರು. ಎರಡು ತುದಿಗಳೂ ತೆರೆದಿರುವ ಅದನ್ನು ಹಗ್ಗದಲ್ಲಿ ಇಳಿಬಿಟ್ಟು, ಮೇಲಿನಿಂದ ಒಂದು ತೂಕವನ್ನು ಜಾರಿಸಿದರೆ, ಸೀಸೆ ತಲೆಕೆಳಗಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಆರ್ಕ್ಟಿಕ್ ಸಾಗರದ ತಳದಲ್ಲಿ ನಾನ್ಸೆನ್ ಕೊಳ್ಳವಿದೆ. ಚಂದ್ರನ ಉತ್ತರ ಧ್ರುವದ ಬಳಿ ನಾನ್ಸೆನ್ ಕುಳಿಯಿದೆ. ಅವರ ಹೆಸರಿನ ಸಂಶೋಧನಾ ಹಡಗು 1975ರಲ್ಲಿ ನಮ್ಮ ಅರಬ್ಬೀ ಸಮುದ್ರಕ್ಕೇ ಬಂದು ಮೀನಿನ ಸಂಪತ್ತನ್ನು ಅಳೆಯತೊಡಗಿತು.

ಆದರೆ ಆ ಹೆಸರಿಗೆ ನಿಜವಾದ ಗೌರವ ತಂದುದು ಒಂದು ತುಂಡು ಕಾಗದ. ರಷ್ಯದ ಕ್ರಾಂತಿಯ ತರುವಾಯ ಲಕ್ಷಾಂತರ ಜನ ದೇಶ ಬಿಟ್ಟರು. ಅವರ ಪೌರತ್ವವೂ ರದ್ದಾಯಿತು. ಪೌರತ್ವವಿಲ್ಲದವನಿಗೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ಇಲ್ಲದವನಿಗೆ ಮುಂದಿನ ಗಡಿ ತೆರೆಯದು. 1921ರಲ್ಲಿ ರಾಷ್ಟ್ರಸಂಘವು ಇವರ ಹೊಣೆಯನ್ನು ನಾನ್ಸೆನ್ನರಿಗೆ ವಹಿಸಿತು. ಮರುವರ್ಷವೇ ‘ನಾನ್ಸೆನ್ ಪಾಸ್‌ಪೋರ್ಟ್’ ಜಾರಿಗೆ ಬಂದಿತು. 1924ರಲ್ಲಿ ನಿರಾಶ್ರಿತರಾದ ಆರ್ಮೇನಿಯನರಿಗೂ ಅದು ದೊರೆಯಿತು. ಚಿತ್ರಕಾರ ಶಗಾಲ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ ಮೊದಲಾದವರು ಈ ಪತ್ರ ಹಿಡಿದು ನಡೆದವರೇ. 1922ರ ನೊಬೆಲ್ ಶಾಂತಿ ಪಾರಿತೋಷಕವು ನಾನ್ಸೆನ್ನರಿಗೆ ಸಂದಿತು. ಅವರು 1930ರಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ನಡೆದ ನಿರಾಶ್ರಿತರ ಕಚೇರಿಗೂ 1938ರಲ್ಲಿ ಅದೇ ಪಾರಿತೋಷಕ ದೊರಕಿತು.

ಮಗ ಓಡ್ ನಾನ್ಸೆನ್ ವಾಸ್ತುಶಿಲ್ಪಿ. ನಾಡಿಲ್ಲದವರಿಗೆ ನೆರವಾಗಲು ಅವರೂ ಸಂಸ್ಥೆ ಕಟ್ಟಿದರು. 1942ರಲ್ಲಿ ಜರ್ಮನರ ಸೆರೆಗೆ ಸಿಕ್ಕಿ, ಸಾಕ್ಸನ್‌ಹೌಸನ್ ಶಿಬಿರದಲ್ಲಿಯೂ ಗುಟ್ಟಾಗಿ ದಿನಚರಿ ಬರೆದರು. ತಂದೆಯ ಹೆಸರನ್ನು ಹೊತ್ತ ಮಗನು ತಂದೆಯ ಕೆಲಸವನ್ನೂ ಹೊತ್ತನು.

ಗಡಿಯಾಚೆ ನೆಲೆಸಿದ ನಮಗೆ ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು. ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು ಬೇರೊಂದು ಲಿಪಿಗೆ ಹೋಗಿ ರೂಪಗೆಡುವುದೂ ಉಂಟು. ಆದರೂ ನಾವು ನಮ್ಮ ದೇಶದಲ್ಲಿಯೇ ಇದ್ದೇವೆ. ನಮ್ಮ ಗಡಿಯನ್ನು ದಾಟಲು ಬಸ್ಸಿನ ಚೀಟಿ ಸಾಕು. ಯಾವ ದೇಶವೂ ತನ್ನದೆನ್ನದ ಮನುಷ್ಯನಿಗೆ ಒಂದು ಮೊಹರಿನ ಕಾಗದ ಎಷ್ಟು ದೊಡ್ಡದೆಂಬುದನ್ನು ಮಕ್ಕಳಿಗೆ ತಿಳಿಸಿ. ಭೂಪಟದಲ್ಲಿ ನಾರ್ವೆಯನ್ನೂ ಆರ್ಮೇನಿಯವನ್ನೂ ಅವರೇ ಹುಡುಕಲಿ.