ಎರಡು ನಿಮಿಷದ ಜತೆ

ಪೇಟೆಗೆ ಹೊರಟಾಗ ಕೆಲವು ಮನೆಗಳಲ್ಲಿ ಒಂದು ಪದ್ಧತಿಯಿದೆ. ಯಜಮಾನರು ಕೈ ಬೀಸಿಕೊಂಡು ಹತ್ತು ಮಾರು ಮುಂದೆ ನಡೆಯುತ್ತಾರೆ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದ ಮನೆಯಾಕೆ ಹಿಂದಿನಿಂದ ಓಡೋಡಿ ಬರುತ್ತಾಳೆ. ಇಂಥವರನ್ನು ದಕ್ಷಿಣ ಆಫ್ರಿಕಾದ ಒಂದು ಸೈಕಲ್ ಸ್ಪರ್ಧೆಗೆ ಕಳುಹಿಸಿದರೆ ಮೊದಲ ದಿನವೇ ದಂಡ ತೆತ್ತು ಬರುತ್ತಾರೆ!

ಆ ಸ್ಪರ್ಧೆಯ ಹೆಸರು ಕೇಪ್ ಎಪಿಕ್. ಕೇಪ್‌ಟೌನ್ ಇರುವ ವೆಸ್ಟರ್ನ್ ಕೇಪ್ ಪ್ರಾಂತ್ಯದ ಗುಡ್ಡಗಾಡಿನಲ್ಲಿ ಇದು ನಡೆಯುತ್ತದೆ. ಕೆವಿನ್ ವರ್ಮಾಕ್ ಎಂಬವರು ಕೋಸ್ಟರಿಕದಲ್ಲಿ ಇಂಥದೊಂದು ಪರ್ವತ ಸೈಕಲ್ ಸ್ಪರ್ಧೆಯಲ್ಲಿ ಭಾಗವಹಿಸಿ ಬಂದು, ನಮ್ಮ ನಾಡಿನಲ್ಲೂ ಯಾಕಾಗಬಾರದು ಎಂದು ಯೋಚಿಸಿದರು. 2004ರಲ್ಲಿ ಮೊದಲ ಸ್ಪರ್ಧೆ ನಡೆಯಿತು. ಕೊರೋನಾ ಕಾಲದಲ್ಲಿ, 2020ರಲ್ಲಿ, ಅದು ರದ್ದಾಯಿತು. ಮರುವರ್ಷ ಮಾರ್ಚ್ ಬದಲು ಅಕ್ಟೋಬರಿನಲ್ಲಿ ನಡೆಯಿತು.

ಎಂಟು ದಿನಗಳ ಸವಾರಿ. ದೂರ ಹೆಚ್ಚು ಕಡಿಮೆ ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಹಿಂದಿರುಗಿದಷ್ಟು. ಆದರೆ ಇದು ಡಾಂಬರು ರಸ್ತೆಯಲ್ಲ. ಮರಳು, ಚೂಪು ಕಲ್ಲು, ಮುಳ್ಳು, ಒಬ್ಬರಷ್ಟೇ ಹೋಗಬಹುದಾದ ಕಾಲುದಾರಿ. ನಡುನಡುವೆ ದ್ರಾಕ್ಷಿ ಮತ್ತು ಸೇಬಿನ ತೋಟಗಳು. ಎಂಟು ದಿನಗಳ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 15,000 ಮೀಟರ್ ಆಗುತ್ತದೆ. ಅಂದರೆ, ಸಮುದ್ರ ತೀರದಿಂದ ಹೊರಟು ನಮ್ಮ ಮುಳ್ಳಯ್ಯನಗಿರಿಯ ತುದಿ ಮುಟ್ಟುವಷ್ಟು ಎತ್ತರವನ್ನು ದಿನಕ್ಕೊಮ್ಮೆಯಂತೆ ಎಂಟು ದಿನ ಹತ್ತಬೇಕು. ರಾತ್ರಿ ಮೈದಾನದಲ್ಲಿ ಸಾಲಾಗಿ ಹಾಕಿದ ಸಣ್ಣ ಟೆಂಟುಗಳಲ್ಲಿ ನಿದ್ದೆ. ಬೆಳಗ್ಗೆ ಮತ್ತೆ ಹೊರಡಬೇಕು. ನಿಗದಿತ ಸಮಯದೊಳಗೆ ಆ ದಿನದ ಗುರಿ ಮುಟ್ಟದಿದ್ದರೆ ಸ್ಪರ್ಧೆಯಿಂದ ಹೊರಗೆ.

ಇಷ್ಟೇ ಆಗಿದ್ದರೆ ಗಟ್ಟಿಗರ ಸಾಹಸ ಎಂದು ಓದಿ ಪುಟ ಮಗುಚಬಹುದಿತ್ತು. ನನಗೆ ಕುತೂಹಲ ಹುಟ್ಟಿಸಿದ್ದು ಅಲ್ಲಿನ ಒಂದು ನಿಯಮ. ಒಂಟಿಯಾಗಿ ಹೆಸರು ಕೊಡುವಂತಿಲ್ಲ, ತಂಡವೆಂದರೆ ಇಬ್ಬರು. ಇಬ್ಬರು ಗಂಡಸರು, ಇಬ್ಬರು ಹೆಂಗಸರು ಅಥವಾ ಒಂದು ಗಂಡು ಒಂದು ಹೆಣ್ಣು. ಈ ಇಬ್ಬರ ನಡುವೆ ದಾರಿಯುದ್ದಕ್ಕೂ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಇರಕೂಡದು. ತಪಾಸಣಾ ಸ್ಥಳದಲ್ಲಿ ಅಂತರ ಹೆಚ್ಚಾದದ್ದು ಕಂಡರೆ ಒಂದು ಗಂಟೆ ದಂಡವಾಗಿ ಅವರ ಲೆಕ್ಕಕ್ಕೆ ಸೇರುತ್ತದೆ.

ಹಾಗಾಗಿ ಬಲಶಾಲಿಯ ಬಲವೊಂದೇ ಅಲ್ಲಿ ನಡೆಯುವುದಿಲ್ಲ. ಒಬ್ಬರ ಟಯರ್ ಪಂಕ್ಚರ್ ಆದರೆ ಇನ್ನೊಬ್ಬರು ಇಳಿದು ಪಂಪು ಹಿಡಿಯಬೇಕು. ಒಬ್ಬರಿಗೆ ಹೊಟ್ಟೆ ಕೆಟ್ಟರೆ ಇನ್ನೊಬ್ಬರು ನಿಧಾನಿಸಬೇಕು. ಏರಿನಲ್ಲಿ ಜತೆಗಾರರ ಬೆನ್ನಿಗೆ ಕೈಯಿಟ್ಟು ತಳ್ಳುತ್ತಾ ಸಾಗುವವರೂ ಇದ್ದಾರೆ. ಕಷ್ಟವೆಂದರೆ, ತಳ್ಳುವವರು ಗೊಣಗಬಾರದು, ತಳ್ಳಿಸಿಕೊಳ್ಳುವವರು ನಾಚಿಕೊಳ್ಳಬಾರದು. ಏರು ಹತ್ತುವುದಕ್ಕಿಂತಲೂ ಇದು ಕಠಿಣವೆಂದು ನನಗನಿಸುತ್ತದೆ. ಒಬ್ಬರು ಗಾಯಗೊಂಡು ಹಿಂದೆ ಸರಿದರೆ ಇನ್ನೊಬ್ಬರು ಸವಾರಿ ಮುಂದುವರಿಸಬಹುದು. ಆದರೆ ತಂಡದ ಪಟ್ಟಿಯಲ್ಲಿ ಅವರಿಗೆ ಸ್ಥಾನವಿರುವುದಿಲ್ಲ.

2019ರ ಮಹಿಳಾ ವಿಭಾಗದ ವಿಜೇತರನ್ನೇ ನೋಡಿ. ಡೆನ್ಮಾರ್ಕಿನ ಆನಿಕಾ ಲಾಂಗ್‌ವಾಡ್ ದಂತವೈದ್ಯೆ. ನೆದರ್‌ಲ್ಯಾಂಡ್ಸಿನ ಆನಾ ವಾನ್ ಡರ್ ಬ್ರೆಗನ್ ನರ್ಸಿಂಗ್ ಓದಿದವರು. ಆನಾ 2016ರ ರಿಯೋ ಒಲಿಂಪಿಕ್ಸಿನಲ್ಲಿ ರಸ್ತೆ ಸೈಕ್ಲಿಂಗ್ ಚಿನ್ನ ಗೆದ್ದ ದೊಡ್ಡ ಹೆಸರು. ಆದರೆ ಕಲ್ಲಿನ ಇಳಿಜಾರುಗಳಲ್ಲಿ ಪಳಗಿದವರು ಆನಿಕಾ. ರಸ್ತೆಯ ರಾಣಿ ಇಲ್ಲಿ ಗೆಳತಿಯ ಚಕ್ರದ ಜಾಡು ನೋಡಿ ಕಲಿಯಬೇಕಿತ್ತು. ಇಬ್ಬರೂ ಸೇರಿ ಗೆದ್ದರು. ಅಂದಹಾಗೆ, ಅಲ್ಲಿ ಗೆದ್ದ ಹೆಂಗಸರಿಗೂ ಗಂಡಸರಿಗೂ ಬಹುಮಾನದ ಮೊತ್ತ ಒಂದೇ. ಕೂಲಿಯಲ್ಲೂ ಇಂಥ ಲೆಕ್ಕವಿದ್ದರೆ ನಮ್ಮ ಬೀಡಿ ಕಟ್ಟುವ, ಗದ್ದೆಗಿಳಿಯುವ ಹೆಣ್ಣು ಮಕ್ಕಳ ಮಾತು ಬೇರೆಯೇ ಇರುತ್ತಿತ್ತು.

ಇನ್ನೊಂದು ಜೋಡಿಯ ವಿಷಯವನ್ನು ಹೇಳಲೇಬೇಕು. ಸ್ವಿಟ್ಸರ್‌ಲ್ಯಾಂಡಿನ ಕ್ರಿಸ್ಟೋಫ್ ಸೌಸರ್ ಮತ್ತು ದಕ್ಷಿಣ ಆಫ್ರಿಕಾದ ಬರ್ರಿ ಸ್ಟ್ಯಾಂಡರ್. ವಯಸ್ಸಿನಲ್ಲಿ ಹನ್ನೊಂದು ವರ್ಷದ ಅಂತರ. 2011 ಮತ್ತು 2012ರಲ್ಲಿ ಇಬ್ಬರೂ ಸೇರಿ ಕೇಪ್ ಎಪಿಕ್ ಗೆದ್ದರು. ತಮ್ಮದೇ ನೆಲದ ಈ ಸ್ಪರ್ಧೆಯನ್ನು ದಕ್ಷಿಣ ಆಫ್ರಿಕಾದವನೊಬ್ಬ ಗೆದ್ದದ್ದು ಅದೇ ಮೊದಲು. ಜನರ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಅವರ ತಂಡದ ಹೆಸರಿನಲ್ಲಿ 'ಸೊಂಗೊ' ಎಂಬ ಪದವಿತ್ತು. ಸ್ಟೆಲನ್‌ಬಾಷ್ ಊರಿನ ಅಂಚಿನಲ್ಲಿ ಕಯಮಂಡಿ ಎಂಬ ಕರಿಯರ ಬಡ ವಸತಿಯಿದೆ. ಅಲ್ಲಿನ ಸೊಂಗೊ ಫಿಪಾಜಾ ಎಂಬ ಯುವಕನ ಜತೆ ಸೇರಿ ಸೌಸರ್ 2008ರಲ್ಲಿ ಮಕ್ಕಳಿಗಾಗಿ ಒಂದು ಸಂಸ್ಥೆ ಕಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಬೀದಿ ಸುತ್ತುವ ಬದಲು ಮಕ್ಕಳು ಅಲ್ಲಿಗೆ ಬಂದು ಪಾಠವನ್ನೂ ಓದಬೇಕು, ಸೈಕಲನ್ನೂ ತುಳಿಯಬೇಕು.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬರ್ರಿ ಐದನೆಯವನಾಗಿ ಬಂದ. ಅದೇ ವರ್ಷ ಮದುವೆಯೂ ಆಯಿತು. ಪತ್ನಿ ಶೆರೀಸ್ ಕೂಡ ಸೈಕಲ್ ಪಟು. ಸತತ ಮೂರನೇ ಗೆಲುವಿಗೆ ಜೋಡಿ ಸಿದ್ಧವಾಗುತ್ತಿತ್ತು. 2013ರ ಜನವರಿ 3ರಂದು ತನ್ನ ಮನೆಯ ಪ್ರದೇಶದಲ್ಲಿ ಅಭ್ಯಾಸಕ್ಕೆ ಹೊರಟಿದ್ದ ಬರ್ರಿಗೆ ಒಂದು ಟ್ಯಾಕ್ಸಿ ವ್ಯಾನು ಬಡಿಯಿತು. ಇಪ್ಪತ್ತೈದರ ಹುಡುಗ ಅಲ್ಲೇ ಕೊನೆಯುಸಿರೆಳೆದ. ಪರ್ವತದ ಇಳಿಜಾರುಗಳಲ್ಲಿ ಪ್ರಾಣ ಪಣಕ್ಕಿಟ್ಟು ಇಳಿಯುತ್ತಿದ್ದವನನ್ನು ಮೃತ್ಯು ಕಾದಿದ್ದದ್ದು ದಿನನಿತ್ಯದ ರಸ್ತೆಯಲ್ಲಿ. ಮಗ ಬೈಕು ಹತ್ತಿ ಹೊರಟರೆ ಬರುವವರೆಗೂ ಬಾಗಿಲ ಕಡೆಗೇ ಕಿವಿಯಿಟ್ಟಿರುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆಯಾಗಿ ವರ್ಷ ತುಂಬುವ ಮೊದಲೇ ಶೆರೀಸ್ ವಿಧವೆಯಾದಳು.

ಸ್ಪರ್ಧೆಗೆ ಉಳಿದಿದ್ದದ್ದು ಎರಡೂವರೆ ತಿಂಗಳು ಮಾತ್ರ. ಇಂಥ ಆಘಾತದ ನಂತರ ಸೌಸರ್ ಆ ವರ್ಷ ಮನೆಯಲ್ಲೇ ಕುಳಿತಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಅವರು ಹೊರಟರು. ಜತೆಗೆ ಬಂದದ್ದು ಚೆಕ್ ಗಣರಾಜ್ಯದ ಯಾರೊಸ್ಲಾವ್ ಕುಲ್ಹಾವಿ. ಲಂಡನ್ನಿನಲ್ಲಿ ಬರ್ರಿ ಐದನೆಯವನಾದ ಅದೇ ಓಟದಲ್ಲಿ ಚಿನ್ನ ಗೆದ್ದವರು ಇವರೇ. ನಿನ್ನೆಯ ಎದುರಾಳಿ, ಇಂದು ತೀರಿಹೋದವನ ಜಾಗದಲ್ಲಿ ಸೈಕಲ್ ತುಳಿಯುತ್ತಿದ್ದ.

ತಂಡಕ್ಕೆ ಹೆಸರಿಡುವಾಗ ಹೆಚ್ಚು ಯೋಚಿಸಬೇಕಾಗಿರಲಿಲ್ಲ. 'ಬರ್ರಿ ಸ್ಟ್ಯಾಂಡರ್–ಸೊಂಗೊ' ಎಂದೇ ಇಟ್ಟರು. ಎಂಟು ದಿನಗಳ ಬಳಿಕ ವಿಜೇತರ ಪಟ್ಟಿಯಲ್ಲಿ ಮೇಲೆ ಇದ್ದದ್ದು ಅದೇ ಹೆಸರು.