ಸಾಲ ಮಾಡಿದವರು ದೇಶದ್ರೋಹಿಗಳಲ್ಲ

ಅಮೆರಿಕದಲ್ಲಿ ಸರ್ಕಾರದ ರಹಸ್ಯ ಕಡತ ಮುಟ್ಟಬೇಕಾದವರಿಗೆಲ್ಲ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು. ಅದನ್ನು ಕೊಡಲು, ಕಿತ್ತುಕೊಳ್ಳಲು ಇರುವ ಮಾನದಂಡಗಳು 13. ಹೆಚ್ಚಿನವರು ಎಡವುವುದು ‘ಎಫ್’ ಎಂಬ ಹಣಕಾಸಿನ ಮಾನದಂಡದಲ್ಲಿ. 2017ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮಾವಳಿ, ಸಾಲ ತೀರಿಸದವರಲ್ಲಿ ಸಂಯಮ, ವಿವೇಕ, ನಿಯಮ ಪಾಲಿಸುವ ಮನಸ್ಸು ಇಲ್ಲದಿರಬಹುದೆಂದು ಶಂಕಿಸುತ್ತದೆ. ಕೈ ಬರಿದಾದವರ ಚಾರಿತ್ರ್ಯವನ್ನೇ ಸಂಶಯಿಸುವ ಈ ಪದ್ಧತಿ ಅನ್ಯಾಯದ್ದು. ರಹಸ್ಯ ಕಾಯುವ ಕೆಲಸದಲ್ಲೂ ಅದು ಸೋತಿದೆ.

ಆಲ್ಡ್ರಿಚ್ ಏಮ್ಸ್ ಪ್ರಕರಣವೇ ಇದಕ್ಕೆ ಸಾಕ್ಷಿ. 1985ರಲ್ಲಿ ಸೋವಿಯತ್ ಗೂಢಚಾರರಿಗೆ ಮಾಹಿತಿ ಮಾರತೊಡಗಿದಾಗ ಈ ಸಿಐಎ ಅಧಿಕಾರಿ ಸಾಲದಲ್ಲಿದ್ದ, ನಿಜ. ನಿಯಮದ ಸಮರ್ಥಕರು ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲಿನ ವರ್ಷಗಳಲ್ಲಿ ಅವನ ಕೈಯಲ್ಲಿ ಹಣ ಓಡಾಡುತ್ತಿತ್ತು. ವರ್ಷಕ್ಕೆ 70,000 ಡಾಲರೂ ಸಂಬಳವಿಲ್ಲದವನು 5,40,000 ಡಾಲರಿನ ಮನೆಗೆ ಪೂರ್ತಿ ನಗದು ಕೊಟ್ಟ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ, 1986 ಮತ್ತು 1991ರ ಸುಳ್ಳುಪತ್ತೆ ಪರೀಕ್ಷೆಗಳಲ್ಲಿ ಪಾಸಾದ. 1994ರಲ್ಲಿ ಬಂಧನವಾಗುವ ಹೊತ್ತಿಗೆ ಅವನಿಂದಾಗಿ ಕನಿಷ್ಠ ಹತ್ತು ಮಂದಿ ಪ್ರಾಣ ಕಳೆದುಕೊಂಡಿದ್ದರು. ಅವನ ಸಾಲ ತೀರಿದ್ದೇ ದ್ರೋಹದ ಹಣದಿಂದ! ಕ್ಯೂಬಾದ ಪರ ಗೂಢಚರ್ಯೆ ನಡೆಸಿ 2001ರಲ್ಲಿ ಸಿಕ್ಕಿಬಿದ್ದ ಆನಾ ಮೊಂಟೆಸ್ ಹಣದ ಆಸೆಗೆ ಆ ಕೆಲಸ ಮಾಡಿದವಳಲ್ಲ. 2013ರಲ್ಲಿ ರಹಸ್ಯಗಳನ್ನು ಹೊರಗೆಡಹಿದ ಎಡ್ವರ್ಡ್ ಸ್ನೋಡೆನ್‌ಗೂ ಸಾಲದ ಕಾಟವಿರಲಿಲ್ಲ.

ಸಾಮಾನ್ಯ ನೌಕರರ ಪಾಡು ಬೇರೆ. ಏಳು ವರ್ಷಗಳಲ್ಲಿ 120 ದಿನ ಮೀರಿ ಸುಸ್ತಿಯಾದ ಪ್ರತಿ ಸಾಲವನ್ನೂ ಅರ್ಜಿಯಲ್ಲಿ ಬರೆಯಬೇಕು. ಕೆಲಸ ಹೋದದ್ದು, ಕಾಯಿಲೆ, ವಿಚ್ಛೇದನದಂಥ ಕೈಮೀರಿದ ಕಾರಣಗಳಿಗೆ ರಿಯಾಯಿತಿಯಿದೆ ಎಂದು ನಿಯಮ ಹೇಳುತ್ತದೆ. ಆದರೆ ಕಾರಣವನ್ನೂ, ಆಮೇಲೆ ಜವಾಬ್ದಾರಿಯಿಂದ ನಡೆದುಕೊಂಡದ್ದನ್ನೂ ದಾಖಲೆ ಸಮೇತ ರುಜುವಾತುಪಡಿಸುವ ಹೊರೆ ಅರ್ಜಿದಾರರದೇ. ಸಂಶಯ ಉಳಿದರೆ ತೀರ್ಪು ಅವರ ವಿರುದ್ಧ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿರುವುದರಿಂದ ನ್ಯಾಯಾಲಯದ ಬಾಗಿಲೂ ಬಹುಪಾಲು ಮುಚ್ಚಿದೆ. ಕ್ಲಿಯರೆನ್ಸ್ ಹೋದರೆ ಅದನ್ನು ನಂಬಿದ ಕೆಲಸ ಹೋಗುತ್ತದೆ. ಕೆಲಸ ಹೋದ ಮೇಲೆ ಸಾಲ ತೀರುವ ದಾರಿ ಯಾವುದು?

ಈ ಸಾಲಗಳ ಮೂಲವನ್ನೂ ನೋಡಬೇಕು. ವಿಮೆ ಇದ್ದವರನ್ನೂ ಆಸ್ಪತ್ರೆ ಬಿಲ್ಲು ಮುಳುಗಿಸುವ ದೇಶ ಅದು. ವೈದ್ಯಕೀಯ ಸಾಲವನ್ನು ಕ್ರೆಡಿಟ್ ವರದಿಯಿಂದ ತೆಗೆಯುವ ನಿಯಮ 2025ರ ಜನವರಿಯಲ್ಲಿ ಬಂತು. ಜುಲೈನಲ್ಲಿ ಟೆಕ್ಸಸ್‌ನ ಫೆಡರಲ್ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾಯಿಲೆ ಬಿದ್ದವರ ಮೇಲೆ ಇಷ್ಟು ನಿರ್ದಯವಾಗಿರುವ ವ್ಯವಸ್ಥೆಗೆ ಅವರ ವಿವೇಕವನ್ನು ಪ್ರಶ್ನಿಸುವ ನೈತಿಕತೆ ಇಲ್ಲ.

ಸರ್ಕಾರವೇ ನೌಕರರನ್ನು ಸಾಲಕ್ಕೆ ದೂಡಿದ್ದೂ ಉಂಟು. 2018ರ ಡಿಸೆಂಬರ್ 22ರಿಂದ 35 ದಿನ ಆಡಳಿತ ಸ್ಥಗಿತಗೊಂಡಾಗ ಸುಮಾರು ಎಂಟು ಲಕ್ಷ ನೌಕರರಿಗೆ ಸಂಬಳ ನಿಂತಿತು. ಕಂತು ತಪ್ಪಿದರೆ ಕ್ಲಿಯರೆನ್ಸ್‌ಗೇ ಕುತ್ತು ಬರಬಹುದೆಂದು ಎಫ್‌ಬಿಐ ಏಜೆಂಟರ ಸಂಘ ಆಗಲೇ ಎಚ್ಚರಿಸಿತ್ತು. ತನಿಖಾಧಿಕಾರಿಗಳು ಹುಡುಕಬೇಕಾದದ್ದು ಮುಚ್ಚಿಟ್ಟ ಆದಾಯವನ್ನು, ಲೆಕ್ಕಕ್ಕೆ ಸಿಗದ ಸಂಪತ್ತನ್ನು. ಆಸ್ಪತ್ರೆ ಬಿಲ್ಲು ಮತ್ತು ನಿಂತುಹೋದ ಸಂಬಳದಿಂದ ಹುಟ್ಟಿದ ಸಾಲವನ್ನು ‘ಎಫ್’ ಮಾನದಂಡದಿಂದ ಪೂರ್ತಿ ಕೈಬಿಡಬೇಕು.