ಗೋಡೆಯ ಮೇಲಿನ ‘ಗುಪ್ತರೋಗ’, ಮನೆಯೊಳಗಿನ ಮೌನ

ನಗರದ ಬಸ್ ನಿಲ್ದಾಣಗಳ ಗೋಡೆಗಳ ಮೇಲೂ ವಿದ್ಯುತ್ ಕಂಬಗಳ ಮೇಲೂ ‘ಗುಪ್ತರೋಗಗಳಿಗೆ ಶಾಶ್ವತ ಪರಿಹಾರ’ ಎಂಬ ಚೀಟಿಗಳನ್ನು ಕಾಣದವರಿಲ್ಲ. ಮಾರತ್ತಹಳ್ಳಿಯ ಕಡೆ ದಿನವೂ ಓಡಾಡುವ ನಮ್ಮ ಧರ್ಮಕೇಂದ್ರಗಳ ಯುವಜನರೂ ಅವನ್ನು ಓದುತ್ತಾರೆ; ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳುವವರೂ ಉಂಟು. ಆ ಚೀಟಿಯಲ್ಲಿ ಎರಡು ಸುಳ್ಳುಗಳಿವೆ. ಇಂಥ ರೋಗವನ್ನು ಗುಪ್ತವಾಗಿಯೇ ಇಡಬೇಕೆಂಬುದು ಒಂದು. ಹರ್ಪಿಸ್‌ನಂಥ ಸೋಂಕು ಶಾಶ್ವತವಾಗಿ ತೊಲಗುತ್ತದೆಂಬುದು ಇನ್ನೊಂದು.

ಜನನಾಂಗದ ಬಳಿ ಗುಳ್ಳೆಗಳೆದ್ದು, ಒಡೆದು, ಉರಿಯುವ ಹುಣ್ಣಾಗಿ, ಕೆಲದಿನಗಳಲ್ಲಿ ಮಾಯ್ದು, ತಿಂಗಳುಗಳ ಬಳಿಕ ಮತ್ತೆ ಅಲ್ಲೇ ಏಳುವ ರೋಗವಿದು. ನಮ್ಮ ಹಿರಿಯರು ಇದನ್ನೂ ಸರ್ಪಸುತ್ತೆಂದು ತಿಳಿದು ಕೆಮ್ಮಣ್ಣು ಹಚ್ಚಿದ್ದುಂಟು. ಸರ್ಪಸುತ್ತು ಬೇರೆ; ಅದು ಸಿಡುಬಿನ ತಂಗಿಯಾದ ಸೀತಾಳೆಯ ವೈರಾಣುವಿನಿಂದ ಬರುವುದು. ಹರ್ಪಿಸ್ ವೈರಾಣು ಬೆನ್ನುಹುರಿಯ ಬುಡದ ನರಗಂಟುಗಳಲ್ಲಿ ಜೀವನಪರ್ಯಂತ ಅಡಗಿ ಕುಳಿತು, ಜ್ವರ, ಆಯಾಸ, ಮನಃಕ್ಲೇಶಗಳ ಕಾಲದಲ್ಲಿ ತಲೆಯೆತ್ತುತ್ತದೆ. ಅಸೈಕ್ಲೊವಿರ್ ಮಾತ್ರೆ ಅದನ್ನು ಅಡಗಿಸಬಲ್ಲದೇ ಹೊರತು ಹೊರಗಟ್ಟಲಾರದು. ವರ್ಷಗಳು ಕಳೆದಂತೆ ಮರುಕಳಿಕೆ ತಾನಾಗಿ ವಿರಳವಾಗುವುದೇ ಹೆಚ್ಚು.

ಸಂಸಾರಗಳು ಒಡೆಯುವುದು ಹುಣ್ಣಿನಿಂದಲ್ಲ, ಅದಕ್ಕೆ ಕೊಟ್ಟ ಅರ್ಥದಿಂದ. ಮದುವೆಯಾಗಿ ಎಂಟು ವರ್ಷಗಳಾದ ಮೇಲೆ ಗಂಡನಲ್ಲೋ ಹೆಂಡತಿಯಲ್ಲೋ ಗುಳ್ಳೆ ಕಾಣಿಸಿಕೊಂಡಿತೆನ್ನೋಣ. ‘ಎಲ್ಲಿಂದ ತಂದಿರಿ?’ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಆದರೆ ಈ ವೈರಾಣು ಹಲವು ವರ್ಷ ಯಾವ ಕುರುಹೂ ತೋರದೆ ಇರಬಲ್ಲದು. ಸೋಂಕು ತಗುಲಿದವರಲ್ಲಿ ಬಹುಮಂದಿಗೆ ಅದು ತಮ್ಮಲ್ಲಿದೆಯೆಂಬುದೇ ತಿಳಿದಿರುವುದಿಲ್ಲ. ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ, ಬಾಲ್ಯದಲ್ಲೇ ಅಂಟಿರಬಹುದಾದ ಇನ್ನೊಂದು ಬಗೆಯೂ ದಂಪತಿಗಳ ನಡುವೆ ಜನನಾಂಗಕ್ಕೆ ಹರಡಬಲ್ಲದು. ಲೋಕದಲ್ಲಿ ದಾಂಪತ್ಯದ್ರೋಹವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಇಂದು ಎದ್ದ ಗುಳ್ಳೆ ನಿನ್ನೆಯ ದ್ರೋಹಕ್ಕೆ ಸಾಕ್ಷಿಯಾಗದು ಎನ್ನುತ್ತಿದ್ದೇವೆ, ಅಷ್ಟೇ. ತವರಿಗೆ ಹೊರಡುವ ಮುನ್ನ ವೈದ್ಯರ ಬಳಿ ಇಬ್ಬರೂ ಕೂಡಿ ಹೋಗುವುದು ಲೇಸು.

ಇನ್ನು ಎಚ್‌ಐವಿಯ ಭಯ. ಹರ್ಪಿಸ್ ಬೆಳೆದು ಏಡ್ಸ್ ಆಗುವುದಿಲ್ಲ. ಎರಡೂ ಬೇರೆ ಬೇರೆ ವೈರಾಣುಗಳು. ಆದರೂ ಭಯಕ್ಕೆ ಆಧಾರವೇ ಇಲ್ಲವೆನ್ನುವಂತಿಲ್ಲ. ಜನನಾಂಗದ ಹರ್ಪಿಸ್‌ಗೆ ಮುಖ್ಯ ಕಾರಣವಾದ ಎರಡನೆಯ ಬಗೆಯ ವೈರಾಣು ಇರುವವರಿಗೆ ಎಚ್‌ಐವಿ ತಗುಲುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಣ್ಣು ತೆರೆದ ಬಾಗಿಲಿದ್ದಂತೆ. ಆದರೆ ಎಚ್‌ಐವಿ ಇರುವವರ ಸಂಪರ್ಕವೇ ಇಲ್ಲದಿದ್ದಲ್ಲಿ ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ. ಅಸೈಕ್ಲೊವಿರ್ ನುಂಗುತ್ತಿದ್ದರೆ ಎಚ್‌ಐವಿಯಿಂದಲೂ ರಕ್ಷಣೆ ಎಂದು ನಂಬುವವರಿದ್ದಾರೆ. 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ಆ ನಿರೀಕ್ಷೆಯನ್ನು ಸುಳ್ಳಾಗಿಸಿದವು. ಹುಣ್ಣಿರುವ ದಿನಗಳಲ್ಲಿ ಸಂಯಮ ಬೇಕೇ ಬೇಕು. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ ಎಂಬುದು ವೈದ್ಯರ ಮಾತು. ಅದನ್ನು ಈ ಅಂಕಣದಲ್ಲಿ ಬರೆಯಲು ನಾವು ಅಂಜಬೇಕಾಗಿಲ್ಲ. ಒಂದು ತಿಂಗಳಾದರೂ ಮಾಯದ ಹುಣ್ಣಾದರೆ ತಡಮಾಡದೆ ರಕ್ತಪರೀಕ್ಷೆ ಆಗಲೇಬೇಕು.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಹರ್ಪಿಸ್ ಹುಣ್ಣಿಗೆ ಕೆಂಪು ಬಣ್ಣದ ಪೊಟ್ಟಣದಲ್ಲಿ ಮಾತ್ರೆ ಕೊಡುವ ವ್ಯವಸ್ಥೆಯನ್ನೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದೆ. ನಮ್ಮ ಜನರನ್ನು ತಡೆಯುವುದು ಖರ್ಚಲ್ಲ. ಸಂತ ಮರಿಯ ಬೆಸಿಲಿಕಾ ಅಲ್ಲಿಗೆ ಹತ್ತಿರ. ನೊವೇನಕ್ಕೆ ಬಂದ ಪರಿಚಿತರು ಆಸ್ಪತ್ರೆಯ ಬಾಗಿಲಲ್ಲಿ ಕಂಡುಬಿಟ್ಟರೆ? ಕಂಡವರು ಹಬ್ಬ ಮುಗಿಯುವಷ್ಟರಲ್ಲಿ ಕಥೆ ಕಟ್ಟುತ್ತಾರೆಂಬ ಅಂಜಿಕೆ ಸುಳ್ಳಲ್ಲ, ನಮ್ಮನ್ನು ನಾವು ಬಲ್ಲೆವು. ಕಾನೂನಾದರೋ ನಮಗಿಂತ ಕರುಣೆಯುಳ್ಳದ್ದು: 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆಯ ಪ್ರಕಾರ ಸಮ್ಮತಿಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಶಂಕೆಯ ಸಂಪರ್ಕವಾಗಿ 72 ಗಂಟೆಗಳೊಳಗೆ ಹೋದವರಿಗೆ ಸೋಂಕು ತಡೆಯುವ ಔಷಧವೂ ಉಂಟು. ತಡವಾಗಿ ತಿಳಿದರೂ ಬಾಳು ಮುಗಿಯದು. ಕ್ರಮವಾಗಿ ಔಷಧ ಸೇವಿಸಿ ರಕ್ತದಲ್ಲಿ ವೈರಾಣು ಅಳತೆಗೆ ಸಿಗದಷ್ಟು ಕುಗ್ಗಿಸಿಕೊಂಡವರಿಂದ ಬಾಳಸಂಗಾತಿಗೆ ಲೈಂಗಿಕವಾಗಿ ಎಚ್‌ಐವಿ ಹರಡುವುದಿಲ್ಲ.

ಮಾರತ್ತಹಳ್ಳಿಯಿಂದ ಬಹುದೂರವಲ್ಲದ ಸರ್ಜಾಪುರ ರಸ್ತೆಯಲ್ಲಿ ಕಮಿಲಿಯನ್ ಸಭೆಯ ಗುರುಗಳು ಎಚ್‌ಐವಿ ಬಾಧಿತರಿಗಾಗಿ ‘ಸ್ನೇಹದಾನ’ವನ್ನು ಸ್ಥಾಪಿಸಿದರು. ಧರ್ಮಸಭೆ ಈ ರೋಗಿಗಳಿಂದ ಮುಖ ತಿರುಗಿಸಿಲ್ಲವೆಂಬುದಕ್ಕೆ ಆ ಮನೆಯೇ ಸಾಕ್ಷಿ. ಕೊರತೆಯಿರುವುದು ನಮ್ಮ ಮನೆಗಳಲ್ಲಿ, ನಮ್ಮ ವಿವಾಹ ಸಿದ್ಧತಾ ಶಿಬಿರಗಳಲ್ಲಿ. ವಧೂವರರಿಗೆ ಸಂಸ್ಕಾರದ ಅರ್ಥವನ್ನು ವಿವರಿಸುತ್ತೇವೆ, ಉಳಿತಾಯದ ಲೆಕ್ಕವನ್ನೂ ಹೇಳಿಕೊಡುತ್ತೇವೆ. ತನಗಿರುವ ಸೋಂಕನ್ನು ನಿಶ್ಚಿತಾರ್ಥಕ್ಕೆ ಮೊದಲು ಹೇಗೆ ತಿಳಿಸಬೇಕೆಂದು ಹೇಳಿಕೊಡುವುದಿಲ್ಲ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಹರ್ಪಿಸ್ ಹೊಸದಾಗಿ ಅಂಟಿದರೆ ಹುಟ್ಟುವ ಕೂಸಿನ ಜೀವಕ್ಕೇ ಅಪಾಯವೆಂಬುದು ಎಷ್ಟು ತಾಯಂದಿರಿಗೆ ಗೊತ್ತು? ಶಿಬಿರ ನಡೆಸುವ ಗುರುಗಳಲ್ಲಿ ನಮ್ಮ ವಿನಂತಿಯಿಷ್ಟೇ: ಮುಂದಿನ ಬಾರಿ ಒಂದು ಗಂಟೆಯನ್ನು ವೈದ್ಯರಿಗೆ ಬಿಟ್ಟುಕೊಡಿ, ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಲು ಬಿಡಿ.